ಒಂದು ಪದ ತಪ್ಪಿದ್ದಕ್ಕೆ: ಸ್ಪೆಲಿಂಗ್ ಬೀಯ ಇನ್ನೊಂದು ಕಥೆ

ಇಂಗ್ಲಿಷ್ ಡಿಕ್ಟೇಶನ್ ಇದ್ದ ದಿನ ಶಾಲೆಗೆ ಹೋಗೋಕೆ ಹೊಟ್ಟೆನೋವು ಬರ್ತಿದ್ದವರು ಕೈ ಎತ್ತಿ. ಮೊದಲ ಕೈ ನಂದೇ. ಕನ್ನಡದಲ್ಲಿ ಕಾಗುಣಿತ ಒಮ್ಮೆ ತಲೆಗೆ ಹೋದರೆ ಕೇಳಿದ್ದನ್ನು ಹೆಚ್ಚುಕಮ್ಮಿ ಹಾಗೇ ಬರೀಬಹುದು. ಇಂಗ್ಲಿಷ್‌ನಲ್ಲಿ ಆ ಭಾಗ್ಯ ಇಲ್ಲ. ಅದಕ್ಕೇ ಅಮೆರಿಕದಲ್ಲಿ ಸ್ಪೆಲಿಂಗ್ ಅನ್ನೋದು ದೊಡ್ಡ ಸ್ಪರ್ಧೆ. ರಾಷ್ಟ್ರಮಟ್ಟದ ಸ್ಪೆಲಿಂಗ್ ಬೀ ಶುರುವಾಗಿದ್ದು 1925ರಲ್ಲಿ. ಭಾರತೀಯ ಮೂಲದ ಮಕ್ಕಳು ಅಲ್ಲಿ ಗೆಲ್ಲೋ ಸುದ್ದಿ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತೆ. ಇವತ್ತಿನ ಕಥೆ ಅವರದ್ದಲ್ಲ.

1936. ಒಹಾಯೋದ ಆಕ್ರನ್ ಊರಿನ ಮ್ಯಾಕ್‌ನೋಲಿಯಾ ಕಾಕ್ಸ್, 13 ವರ್ಷದ ಕಪ್ಪು ಹುಡುಗಿ, ಊರಿನ ಸ್ಪರ್ಧೆ ಗೆದ್ದು ವಾಷಿಂಗ್ಟನ್ ರೈಲು ಹತ್ತಿದಳು. ಮೇರಿಲ್ಯಾಂಡ್ ಗಡಿ ಬಂದಾಗ ಅಮ್ಮನ ಜೊತೆ ಎದ್ದು ಕಪ್ಪು ಜನರ ಬೋಗಿಗೆ ಹೋಗಬೇಕಾಯ್ತು. ಉಳಿದ ಮಕ್ಕಳಿದ್ದ ಹೋಟೆಲಲ್ಲಿ ಇವಳಿಗೆ ಜಾಗ ಇಲ್ಲ. ಆದರೂ ವೇದಿಕೆಯಲ್ಲಿ ಕೊನೆಯ ಐವರವರೆಗೂ ನಿಂತಳು.

ಆಗ ಬಂದ ಪದ 'ನೆಮೆಸಿಸ್'. ಗ್ರೀಕರ ಪ್ರತೀಕಾರದ ದೇವತೆ. ಅದು ಅಂಕಿತನಾಮ, ಅದನ್ನು ಕೇಳೋ ಹಾಗಿಲ್ಲ ಅಂತ ಜೊತೆಗೆ ಬಂದಿದ್ದವರು ತಕರಾರು ತೆಗೆದರು. ತೀರ್ಪುಗಾರರು ಒಪ್ಪಲಿಲ್ಲ. ಐದನೇ ಸ್ಥಾನ, ವಾಪಸ್ ಊರು. ಮುಂದೆ ಕಾಲೇಜು ಮೆಟ್ಟಿಲು ಹತ್ತೋಕಾಗದೆ ಆಕೆ ಡಾಕ್ಟರೊಬ್ಬರ ಮನೆಗೆಲಸಕ್ಕೆ ಸೇರಿದರು. ಅಷ್ಟೊಂದು ಪದ ಗೊತ್ತಿದ್ದ ಹುಡುಗಿ! ಇದನ್ನು ಓದಿದ ದಿನ ನಾನು ರೆಕಾರ್ಡಿಂಗ್ ಮಾಡಲಿಲ್ಲ.

ಇಂಗ್ಲಿಷ್ ಬಂದ್ರೆ ಕೆಲಸ ಗ್ಯಾರಂಟಿ ಅಂತ ನಂಬಿಯೇ ಬಿಕಾಂ ಮುಗಿಸಿದವನು ನಾನು. ಆ ಹುಡುಗಿಗೆ ಬೇಕಾದ್ದಕ್ಕಿಂತ ಜಾಸ್ತಿನೇ ಇಂಗ್ಲಿಷ್ ಬರ್ತಿತ್ತಲ್ಲ?

ಈಗ 85 ವರ್ಷ ಮುಂದೆ ಬನ್ನಿ. 2021ರಲ್ಲಿ ಸ್ಪರ್ಧೆಗೆ ಹೊಸ ಸುತ್ತೊಂದು ಸೇರಿತು: ವೇದಿಕೆ ಮೇಲೇ ಪದದ ಅರ್ಥವನ್ನೂ ಹೇಳಬೇಕು. ಉರು ಹೊಡೆದರೆ ಸಾಲದು. (ಡಿಕ್ಟೇಶನ್‌ನಲ್ಲಿ ಇದೂ ಇದ್ದಿದ್ರೆ ನನ್ನ ಕಥೆ ಮುಗಿದಿತ್ತು.) ಆ ವರ್ಷ ಲೂಸಿಯಾನಾದ 14 ವರ್ಷದ ಝೈಲಾ ಅವಾಂಗಾರ್ಡ್ ಗೆದ್ದಳು. ಈ ಸ್ಪರ್ಧೆ ಗೆದ್ದ ಮೊದಲ ಆಫ್ರಿಕನ್ ಅಮೆರಿಕನ್.

ಅವಳಿಗೆ ಕೊನೆಗೆ ಬಂದ ಪದ 'ಮುರಾಯಾ', ಒಂದು ಸಸ್ಯಕುಲದ ಹೆಸರು. ನಮ್ಮ ಒಗ್ಗರಣೆಯ ಕರಿಬೇವನ್ನು ಸಸ್ಯಶಾಸ್ತ್ರದವರು ಬಹುಕಾಲ ಕರೆದದ್ದು ಇದೇ ಕುಲದ ಹೆಸರಿಂದ. ಎಂ, ಯು, ಡಬಲ್ ಆರ್, ಎ, ವೈ, ಎ. ಈ ಸಂಚಿಕೆಯ ಸ್ಕ್ರಿಪ್ಟ್ ಬರೆಯುವಾಗ ನಾನು ಎರಡು ಸಲ ಒಂದು 'ಆರ್' ಬಿಟ್ಟಿದ್ದೆ.