ಗೋಲ್ಕೊಂಡದ ಇಬ್ಬರು ಕೈದಿಗಳು

ಊರಿನಿಂದ ಯಾರಾದರೂ ಸನತ್‌ನಗರದ ನಮ್ಮ ಮನೆಗೆ ಬಂದರೆ ಚಾರ್‌ಮಿನಾರ್, ಸಾಲಾರ್‌ಜಂಗ್ ಮ್ಯೂಸಿಯಂ ಆದ ಮೇಲೆ ಮೂರನೆಯದು ಗೋಲ್ಕೊಂಡ ಕೋಟೆ. ಕೆಳಗಿನ ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಮೇಲೆ ಗುಡ್ಡದ ತುದಿಗೆ ಕೇಳಿಸುತ್ತದಲ್ಲ, ಅಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟಿದವನೇ. ಆದರೆ 1996ರಲ್ಲಿ ಒಂದು ಸಲ, ಚಪ್ಪಾಳೆ ತಟ್ಟುವ ಮನಸ್ಸಿಲ್ಲದೆ ಆ ಕೋಟೆ ಹತ್ತಿದ್ದೆ.

ಆಗ ನಾನು ಅಮಾನತಿನಲ್ಲಿದ್ದೆ. ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದಾಗ ಸಣ್ಣ ಸಣ್ಣ ವರ್ಕ್‌ಶಾಪುಗಳಿಗೆ ಸಾಲ ಕೊಟ್ಟಿದ್ದೆ. ಅವರೆಲ್ಲ ಒಂದೇ ದೊಡ್ಡ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವವರು. ಆ ಕಾರ್ಖಾನೆ ಕುಂಟಿತು, ಬಿಲ್ಲುಗಳು ನಿಂತವು, ಒಂದರ ಹಿಂದೆ ಒಂದು ಖಾತೆ ಕೆಟ್ಟವು. ಆಡಿಟ್ ಆಯಿತು. ಎಲ್ಲ ಕಾಗದದ ಮೇಲೂ ನನ್ನದೇ ಸಹಿ. ಅದಕ್ಕೆ ಮುಂಚೆ ನನ್ನ ಯೋಜನೆ ಏನಿತ್ತು ಗೊತ್ತೆ? ಮುಂದಿನ ವರ್ಷ ಹುಬ್ಬಳ್ಳಿಗೆ ವರ್ಗ, ಗದಗಿನಲ್ಲಿ ಮನೆ. ಪಾಯ ಕೂಡ ತೆಗೆಸಿ ಆಗಿತ್ತು. ಈಗ ಅರ್ಧ ಸಂಬಳ, ಮನೆಯಲ್ಲಿ ಕೂತು ಗೋಡೆ ನೋಡುವ ಕೆಲಸ. ವಿಷಯ ಕೇಳಿ ಊರಿನಿಂದ ಅವ್ವ ಬಂದಳು. 'ದೇವರದಾನ' ಅಂದಳು. 'ಅವನು ಆಡಿಟ್ ರಿಪೋರ್ಟ್ ಓದ್ಯಾನೇನವ್ವಾ?' ಅಂತ ನಾನು ಸಿಡುಕಿದೆ.

ಪಕ್ಕದ ಮನೆಯ ತೆಲುಗು ಮೇಷ್ಟ್ರು ಇದನ್ನೆಲ್ಲ ನೋಡುತ್ತಿದ್ದರು. 'ಒಂದು ದಿನ ರಾಮದಾಸರ ಬಂದೀಖಾನೆ ನೋಡಿ ಬನ್ನಿ ಸಾರ್, ಅವರದೂ ನಿಮ್ಮಂಥದೇ ಕೇಸು' ಎಂದರು. ಅದು ನಿಜವೇ. ಭದ್ರಾಚಲದ ರಾಮದಾಸರ ಮೂಲ ಹೆಸರು ಕಂಚರ್ಲ ಗೋಪಣ್ಣ. ಹದಿನೇಳನೆಯ ಶತಮಾನದಲ್ಲಿ ಗೋಲ್ಕೊಂಡದ ಕುತುಬ್‌ಶಾಹಿಗಳ ಕೈಕೆಳಗೆ ಪಾಲ್ವಂಚದ ತಹಸೀಲ್ದಾರ. ದೊರೆ ಅಬುಲ್ ಹಸನ್ ತಾನಾಶಾಹ. ಅವನ ಮಂತ್ರಿಗಳಾದ ಅಕ್ಕಣ್ಣ ಮಾದಣ್ಣರು ಈತನ ಸೋದರಮಾವಂದಿರೆಂದು ಹೇಳಿಕೆ. ಇಂಥ ಗೋಪಣ್ಣ ವಸೂಲಾದ ಕಂದಾಯವನ್ನು ಹೈದರಾಬಾದಿಗೆ ಕಳಿಸದೆ ಗೋದಾವರಿ ದಂಡೆಯ ಭದ್ರಾಚಲದಲ್ಲಿ ರಾಮನಿಗೆ ಗುಡಿ ಕಟ್ಟಿಸಿದ, ಒಡವೆ ಮಾಡಿಸಿದ. ಆರು ಲಕ್ಷ ಎನ್ನುತ್ತದೆ ಪರಂಪರೆ. ಭಕ್ತಿಯ ಮಾತು ಹಾಗಿರಲಿ, ನಾನು ಬ್ಯಾಂಕಿನವನು, ನನ್ನ ಲೆಕ್ಕದಲ್ಲಿ ಇದು ನೇರವಾಗಿ ಸರಕಾರದ ಹಣದ ದುರುಪಯೋಗ. ತಾನಾಶಾಹನ ಜಾಗದಲ್ಲಿ ಯಾರಿದ್ದರೂ ಒಳಗೆ ಹಾಕುತ್ತಿದ್ದರು.

ಆ ಬಂದೀಖಾನೆ ಗೋಡೌನಿನಂಥ ಒಂದು ಕತ್ತಲೆ ಕೋಣೆ. ಮೇಲಿನ ಕಿಂಡಿಯಿಂದ ಬಿದ್ದಷ್ಟೇ ಬೆಳಕು. ಗೋಡೆಯಲ್ಲಿ ರಾಮ, ಲಕ್ಷ್ಮಣ, ಹನುಮಂತರ ಮೂರ್ತಿಗಳನ್ನು ಕೆತ್ತಿದೆ, ರಾಮದಾಸರೇ ಕೆತ್ತಿದ್ದೆಂದು ನಂಬಿಕೆ. ಹನ್ನೆರಡು ವರ್ಷ ಇಲ್ಲಿದ್ದರಂತೆ. ಇಲ್ಲಿ ಕೂತು ಅವರು ಹಾಡಿದ್ದೆಲ್ಲ ಶರಣಾಗತಿಯ ಹಾಡಲ್ಲ ಎನ್ನುವುದು ನನಗೆ ಹಿಡಿಸಿದ ಸಂಗತಿ. 'ಇಕ್ಷ್ವಾಕು ಕುಲತಿಲಕ' ಎಂಬ ಅವರ ಕೀರ್ತನೆ ಇದೆಯಲ್ಲ, ಅದು ಸರಿಯಾಗಿ ಒಂದು ಖರ್ಚಿನ ಪಟ್ಟಿ. ಸೀತಮ್ಮನ ಪದಕಕ್ಕೆ ಇಷ್ಟು, ಇನ್ನೊಂದು ಒಡವೆಗೆ ಇಷ್ಟು ಅಂತ ದೇವರ ಮುಂದೆಯೇ ಬಾಬುಗಳನ್ನು ಓದುತ್ತಾ ಹೋಗುತ್ತಾರೆ. ಯಾರಪ್ಪನ ದುಡ್ಡೆಂದು ಮೆರೆಯುತ್ತಿದ್ದೀ ಎಂಬ ಅರ್ಥ ಬರುವಂತೆ ಜಗಳಕ್ಕೇ ಇಳಿಯುತ್ತಾರೆ, ಕೊನೆಗೆ ಏಟಿನ ನೋವಿಗೆ ಬೈದೆ ಎಂದು ಕ್ಷಮೆ ಕೇಳುತ್ತಾರೆ. ನಮ್ಮ ದಾಸರ ನಿಂದಾಸ್ತುತಿ ಕೇಳಿ ಬೆಳೆದ ಅವ್ವನಿಗೆ ಇದು ಹೊಸದೆನಿಸಲಿಲ್ಲ. ಸಂಜೆ ಮನೆಗೆ ಬಂದು ಹೇಳಿದರೆ, 'ಮನಿಯವರ ಕೂಡನ ಅಲ್ಲೇನೋ ಜಗಳಾ ಆಡೂದು' ಅಂದಳು.

ಕಥೆಯ ಕೊನೆ ಎಲ್ಲರಿಗೂ ಗೊತ್ತು. ಒಂದು ರಾತ್ರಿ ಇಬ್ಬರು ತರುಣರು ತಾನಾಶಾಹನ ಬಳಿ ಬಂದು ಆರು ಲಕ್ಷವನ್ನೂ ಎಣಿಸಿಕೊಟ್ಟು ರಸೀದಿ ಪಡೆದರು, ಆ ರಸೀದಿ ಗೋಪಣ್ಣನ ಪಕ್ಕದಲ್ಲಿ ಸಿಕ್ಕಿತು, ಬಂದವರು ರಾಮಲಕ್ಷ್ಮಣರು. ದೇವರಾದರೂ ರಸೀದಿ ಬಿಡಲಿಲ್ಲ ನೋಡಿ! ಭದ್ರಾಚಲದ ರಾಮನವಮಿ ಕಲ್ಯಾಣಕ್ಕೆ ಸರಕಾರದಿಂದ ಮುತ್ತು ಕಳಿಸುವ ಪದ್ಧತಿ ತಾನಾಶಾಹನಿಂದ ಶುರುವಾಯಿತು ಎನ್ನುತ್ತಾರೆ, ಅದು ಇವತ್ತಿಗೂ ನಡೆದಿದೆ.

ನನಗೇನೋ ರಸೀದಿ ಬರಲಿಲ್ಲ. ಹೊತ್ತು ಹೋಗದೆ ಕುತುಬ್‌ಶಾಹಿಗಳ ಚರಿತ್ರೆ ಓದತೊಡಗಿದೆ. ಓದುತ್ತಾ ಹೋದಂತೆ ನನ್ನ ಕಣ್ಣು ಕೈದಿಯನ್ನು ಬಿಟ್ಟು, ಅವನನ್ನು ಸೆರೆಯಲ್ಲಿಟ್ಟ ದೊರೆಯ ಕಡೆ ಹೊರಳಿತು.

ಈ ಅಬುಲ್ ಹಸನ್ ರಾಜ್ಯ ಬಯಸಿದವನೇ ಅಲ್ಲ. ಕುತುಬ್‌ಶಾಹಿ ಮನೆತನದ ನಂಟಿದ್ದರೂ ಹೈದರಾಬಾದಿನ ಸೂಫಿ ಸಂತ ಶಾಹ ರಾಜೂ ಅವರ ಆಶ್ರಯದಲ್ಲಿ ಫಕೀರನಂತೆ ವರ್ಷಗಟ್ಟಲೆ ಬಿದ್ದುಕೊಂಡಿದ್ದವನು. ಆ ಸಂತರು ನಮ್ಮ ಕಲಬುರಗಿಯ ಬಂದೇನವಾಜರ ಪರಂಪರೆಯವರು. ದೊರೆ ಅಬ್ದುಲ್ಲಾ ಕುತುಬ್‌ಶಾಹನಿಗೆ ಗಂಡುಮಕ್ಕಳಿರಲಿಲ್ಲ. ಮಗಳೊಬ್ಬಳ ಮದುವೆ ಗೊತ್ತಾಗಿ ಎಲ್ಲ ಸಿದ್ಧತೆ ನಡೆದಿದ್ದಾಗ ಹಿರಿಯ ಅಳಿಯ ಹಟ ಹಿಡಿದ, ಆ ವರ ಬೇಡವೇ ಬೇಡ ಎಂದ. ಮುಹೂರ್ತ ತಪ್ಪಬಾರದಲ್ಲ, ಹುಡುಕಿ ಈ ಫಕೀರನನ್ನು ಕರೆತಂದು ಮದುವಣಿಗನ ಪೋಷಾಕು ತೊಡಿಸಿದರು. 1672ರಲ್ಲಿ ಮಾವ ಸತ್ತಾಗ ಸಿಂಹಾಸನವೂ ಇವನ ಪಾಲಿಗೇ ಬಂತು.

ಹದಿನೈದು ವರ್ಷ ಆಳಿದ. 1686ರಲ್ಲಿ ನಮ್ಮ ವಿಜಾಪುರ ಔರಂಗಜೇಬನ ಕೈಸೇರಿತು. ಅದೇ ವರ್ಷ ಅಕ್ಕಣ್ಣ ಮಾದಣ್ಣರನ್ನು ಗೋಲ್ಕೊಂಡದ ಬೀದಿಯಲ್ಲೇ ಕೊಂದರು. ಮರುವರ್ಷ ಮೊಗಲ ಸೈನ್ಯ ಗೋಲ್ಕೊಂಡವನ್ನು ಎಂಟು ತಿಂಗಳು ಮುತ್ತಿತು. ಸುರಂಗ ತೋಡಿ ಮದ್ದು ಸಿಡಿಸಿದರು, ಮಳೆ ಹೊಡೆಯಿತು, ಬರ ಬಂತು, ಕೋಟೆ ಬಗ್ಗಲಿಲ್ಲ. ಕೊನೆಗೆ 1687ರ ಸೆಪ್ಟೆಂಬರಿನ ಒಂದು ರಾತ್ರಿ ಒಳಗಿನವನೊಬ್ಬ ಲಂಚ ತಿಂದು ಬಾಗಿಲು ತೆಗೆದ. ಅಬ್ದುರ್ ರಜಾಕ್ ಲಾರಿ ಎಂಬ ಸರದಾರನೊಬ್ಬ ಮೈತುಂಬ ಗಾಯ ಮಾಡಿಕೊಂಡು ಬೀಳುವವರೆಗೂ ಕಾದಿದ.

ಆ ಬೆಳಗಿನ ಸಂಗತಿಯನ್ನು ಬರೆದಿಟ್ಟವನು ಮೊಗಲರ ಕಡೆಯ ಇತಿಹಾಸಕಾರ ಖಾಫಿ ಖಾನ್, ಹಾಗಾಗಿ ತಾನಾಶಾಹನನ್ನು ಹೊಗಳುವ ಹರಕತ್ತು ಅವನಿಗಿರಲಿಲ್ಲ. ತಾನಾಶಾಹ ಅಂತಃಪುರದ ಹೆಂಗಸರಿಗೆ ಸಮಾಧಾನ ಹೇಳಿ, ಸಭೆಗೆ ಬಂದು, ಕರೆಯದೆ ಬರುವ ಅತಿಥಿಗಳಿಗಾಗಿ ಕಾದು ಕೂತ. ಊಟದ ಹೊತ್ತಾಯಿತೆಂದು ಊಟ ತರಿಸಿದ. ಸೆರೆಹಿಡಿಯಲು ಬಂದ ಸರದಾರ ರೂಹುಲ್ಲಾ ಖಾನ್ ಬೆರಗಾದ, ಇಂಥ ವೇಳೆಯಲ್ಲಿ ಅನ್ನ ಹೇಗೆ ಇಳಿಯುತ್ತದೆ ಎಂದು ಕೇಳಿದ. ತಾನಾಶಾಹನ ಉತ್ತರದ ಸಾರಾಂಶ ಇಷ್ಟು: ಹುಟ್ಟಿಸಿದ ದೇವರ ಮೇಲೆ ನನ್ನ ಭರವಸೆ. ಸುಖವಾಗಿದ್ದ ತಂದೆತಾಯಿಗಳ ಮಗನನ್ನು ಬಹಳ ಕಾಲ ಭಿಕ್ಷುಕನಾಗಿಟ್ಟವನು ಅವನೇ, ನಾನು ಎಣಿಸದೇ ಇದ್ದಾಗ ಕ್ಷಣದಲ್ಲಿ ದೊರೆ ಮಾಡಿದವನೂ ಅವನೇ, ಈಗ ನನ್ನ ತಪ್ಪುಗಳಿಗಾಗಿ ಲಗಾಮನ್ನು ಬೇರೆಯವರ ಕೈಗೆ ಕೊಟ್ಟಿದ್ದಾನೆ. ಹೇಳಿ ಊಟ ಮುಗಿಸಿದ. ಆಮೇಲೆ ಕುದುರೆ ಹತ್ತಿ ಅವರ ಜೊತೆ ಹೊರಟ.

ಅವನನ್ನು ದೌಲತಾಬಾದ್ ಕೋಟೆಯ ಚೀನೀ ಮಹಲಿನಲ್ಲಿಟ್ಟರು. ಅಲ್ಲಿ ಸಾಯುವವರೆಗೆ ಸುಮಾರು ಹನ್ನೆರಡು ವರ್ಷ. ಗೋಪಣ್ಣನಿಗೆ ಹೇಳುವ ಲೆಕ್ಕವೂ ಅಷ್ಟೇ. ಇವನಿಗೆ ಮಾತ್ರ ಯಾವ ತರುಣರೂ ಹಣ ತಂದು ಕಟ್ಟಲಿಲ್ಲ. ದೇವರನ್ನು ನಂಬಿದ ಇಬ್ಬರು, ಒಬ್ಬ ಬಿಡುಗಡೆಯಾದ, ಇನ್ನೊಬ್ಬ ಆಗಲಿಲ್ಲ. ನನಗೆ ಅವತ್ತಿನಿಂದ ಹೆಚ್ಚು ಆಸರೆಯಾದವನು ಎರಡನೆಯವನು. ಪವಾಡವನ್ನು ಕಾಯುತ್ತಾ ಕೂತವನಿಗೆ ದಿನ ಹೋಗುವುದಿಲ್ಲ ಸ್ವಾಮಿ, ನಾನು ಕೂತು ನೋಡಿದ್ದೇನೆ. ಮಧ್ಯಾಹ್ನದ ಊಟವನ್ನು ಹೊತ್ತಿಗೆ ಸರಿಯಾಗಿ ಮಾಡುವುದನ್ನು ಮತ್ತೆ ಶುರು ಮಾಡಿದೆ. ಮೇಲೆ ಬಂದ ಆರೋಪಪಟ್ಟಿಗೆ ಬಾಬುವಾರು ಉತ್ತರ ಬರೆದೆ, ನನ್ನ ಎರಡು ತಪ್ಪುಗಳನ್ನು ಒಪ್ಪಿಕೊಂಡೆ, ಉಳಿದವನ್ನು ಒಪ್ಪಲಿಲ್ಲ.

ಹನ್ನೊಂದು ತಿಂಗಳ ಮೇಲೆ ಕೆಲಸಕ್ಕೆ ಕರೆದರು. ಎರಡು ಇನ್‌ಕ್ರಿಮೆಂಟ್ ಹೋದವು, ಹುಬ್ಬಳ್ಳಿಯ ವರ್ಗವೂ ಹೋಯಿತು. ಸನತ್‌ನಗರದಲ್ಲೇ ಒಂದು ಫ್ಲ್ಯಾಟ್ ಆಯಿತು, ಮಕ್ಕಳು ತೆಲುಗಿನಲ್ಲಿ ಜಗಳವಾಡುತ್ತಾ ಬೆಳೆದವು. ಗದಗಿನ ಪಾಯದಲ್ಲಿ ಹುಲ್ಲು ಬೆಳೆದು, ಕೊನೆಗೆ ತಮ್ಮ ಅದರ ಮೇಲೆ ತನ್ನ ಮನೆ ಕಟ್ಟಿದ.

2018ರಲ್ಲಿ ನಿವೃತ್ತನಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ದೌಲತಾಬಾದಿಗೆ ಹೋಗಿದ್ದೆ. ಅಲ್ಲಿಂದ ಹತ್ತಿರದ ಖುಲ್ದಾಬಾದಿಗೂ ಹೋದೆವು. ತನ್ನ ಹಿರಿಯರ ಗುಮ್ಮಟಗಳೆಲ್ಲ ಗೋಲ್ಕೊಂಡದ ಪಕ್ಕದಲ್ಲಿದ್ದರೂ ತಾನಾಶಾಹನನ್ನು ಮಣ್ಣು ಮಾಡಿದ್ದು ಖುಲ್ದಾಬಾದಿನಲ್ಲಿ. ಔರಂಗಜೇಬನ ಗೋರಿಯೂ ಅದೇ ಊರಿನಲ್ಲಿದೆ, ಜನ ಹೋಗುವುದು ಹೆಚ್ಚಾಗಿ ಅಲ್ಲಿಗೇ. ನಾವು ಇವನದನ್ನು ಕೇಳಿಕೊಂಡು ಹೋಗುವ ಹೊತ್ತಿಗೆ ಒಂದು ಗಂಟೆಯಾಗಿತ್ತು. ಹೆಂಡತಿ ಬುತ್ತಿಯ ಡಬ್ಬಿ ತೆಗೆದಳು, ನೆರಳು ನೋಡಿ ಕೂತೆವು.