ಯಂತ್ರವಿದ್ದರೆ ಸಾಕೇ?

1975ರ ‘ಶೋಲೆ’ಯಿಂದ ನಮ್ಮ ರಾಮನಗರದ ಬಂಡೆಗಳು ದೇಶಕ್ಕೆಲ್ಲ ಗೊತ್ತಾದವು. ಅದು ಡಕಾಯಿತರ ಚಿತ್ರವೆಂದು ಮಕ್ಕಳೂ ಹೇಳುತ್ತಾರೆ. ಆದರೆ ಸೈನ್ಸ್ ಫಿಕ್ಷನ್ ಚಿತ್ರವನ್ನು ಗುರುತಿಸುವುದು ಹೇಗೆ? ಯಂತ್ರವಿದ್ದರೆ ಸಾಕು ಎಂದುಕೊಂಡಿದ್ದೆ.

1968ರ ‘ಜೇಡರ ಬಲೆ’ಯಲ್ಲಿ ಲೋಹವನ್ನು ಚಿನ್ನವಾಗಿಸುವ ಸೂತ್ರವಿದೆ. ಅದರ ಜಾಗದಲ್ಲಿ ವಜ್ರವಿಟ್ಟರೂ ಡಾ. ರಾಜ್‌ಕುಮಾರ್ ಅವರ ಪತ್ತೇದಾರಿಕೆ ನಡೆಯುತ್ತದೆ. 2002ರಲ್ಲಿ ದಿನೇಶ್ ಬಾಬು ನಿರ್ದೇಶಿಸಿದ ‘ಹಾಲಿವುಡ್’ನಲ್ಲಿ ಉಪೇಂದ್ರ ನಟಿಸಿದ ರೋಬೋಗೆ ಪ್ರೀತಿ ಹುಟ್ಟುತ್ತದೆ, ರೋಬೋ ತೆಗೆದರೆ ಕಥೆಯೇ ಉಳಿಯದು. ವಿಜ್ಞಾನವಿಲ್ಲದೆ ಕಥೆ ನಿಲ್ಲದಿದ್ದರೆ, ಅದೇ ಸೈನ್ಸ್ ಫಿಕ್ಷನ್.

ಮನುಷ್ಯ ಮಾಡಿದ ಯಂತ್ರ ಅವನ ಮಾತು ಮೀರಿದರೆ ಹೊಣೆ ಯಾರದು? ಅಂದು ಅದು ನಮಗೆ ಬರೀ ಸಿನಿಮಾ. ಈಗ ಸಾಫ್ಟ್‌ವೇರ್ ಬರೆಯುವ ನನಗೆ ಅದು ದಿನನಿತ್ಯದ ಪ್ರಶ್ನೆ. ನಮ್ಮ ಶಾಲೆಯ ಮಕ್ಕಳೂ ಅದನ್ನು ಕೇಳುವಂತಾಗಲಿ.