ಕ್ಯಾಸೆಟ್‌ನಿಂದ ಹಾರ್ಡ್‌ಡಿಸ್ಕಿಗೆ: ಮನೆಯ ಟಿವಿ ರೆಕಾರ್ಡಿಂಗ್ ಸಾಗಿದ ದಾರಿ

1975ರ ಆಗಸ್ಟ್ 1ರಂದು ಎಟಿಎಸ್-6 ಉಪಗ್ರಹದ ಮೂಲಕ ದೇಶದ 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸುವ ಪ್ರಯೋಗ ಶುರುವಾಯಿತು. ಕರ್ನಾಟಕದ ಪಾಲಿಗೆ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಬಂದವು. ಮರುವರ್ಷದ ಜುಲೈಗೆ ಪ್ರಯೋಗ ಮುಗಿಯಿತು. ಆ ಊರುಗಳ ಮಂದಿ ಕಂಡದ್ದನ್ನು ಮನೆಯಲ್ಲಿ ಹಿಡಿದಿಟ್ಟುಕೊಳ್ಳಲು ಸಾಧನವೇ ಇರಲಿಲ್ಲ.

ಸಾಧನ ಬಂದದ್ದು ವಿಎಚ್‌ಎಸ್ ಕ್ಯಾಸೆಟ್ಟಿನ ರೂಪದಲ್ಲಿ. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ತಂದ ಈ ಪದ್ಧತಿ ಒಂದು ವರ್ಷ ಮೊದಲೇ ಬಂದಿದ್ದ ಸೋನಿಯ ಬೀಟಾಮ್ಯಾಕ್ಸನ್ನು ಹಿಂದಿಕ್ಕಿತು. ನಮ್ಮಲ್ಲಿ ಕೊಳ್ಳುವವರ ಮುಂದಿದ್ದ ಪ್ರಶ್ನೆ ಬೇರೆ: ವಿಸಿಪಿಯೋ, ವಿಸಿಆರೋ? ವಿಸಿಪಿ ಅಗ್ಗ, ಆದರೆ ಅದು ಕ್ಯಾಸೆಟ್ ಓಡಿಸುತ್ತಿತ್ತೇ ಹೊರತು ರೆಕಾರ್ಡ್ ಮಾಡುತ್ತಿರಲಿಲ್ಲ. ಬಾಡಿಗೆ ಸಿನಿಮಾ ನೋಡಲು ಅಷ್ಟೇ ಸಾಕು. 1987ರ ಜನವರಿಯಲ್ಲಿ ‘ರಾಮಾಯಣ’ ಧಾರಾವಾಹಿ ಆರಂಭವಾದಾಗ ಅದನ್ನು ತೆಗೆದಿಟ್ಟುಕೊಳ್ಳಲು ಒಳಗೆ ಟ್ಯೂನರ್, ಟೈಮರ್ ಇದ್ದ ವಿಸಿಆರ್ ಬೇಕಿತ್ತು. ಇ-180 ಕ್ಯಾಸೆಟ್ಟಿನಲ್ಲಿ ಮೂರು ಗಂಟೆ ಹಿಡಿಸುತ್ತಿತ್ತು. ಕರೆಂಟ್ ಹೋಗಿ ಬಂದರೆ ಎಷ್ಟೋ ಯಂತ್ರಗಳ ಗಡಿಯಾರ ಸೊನ್ನೆಗೆ ಮರಳಿ ಮಿಣುಕುತ್ತಿತ್ತು, ಹೊಂದಿಸಿಟ್ಟ ಟೈಮರ್ ಅಳಿಸಿಹೋಗುತ್ತಿತ್ತು. ಇಷ್ಟೆಲ್ಲ ತೊಡಕಿದ್ದರೂ ಒಂದು ದೊಡ್ಡ ಗುಣವಿತ್ತು: ಅದೇ ಕ್ಯಾಸೆಟ್ ಬೀಗರ ಮನೆಯ ಯಂತ್ರದಲ್ಲೂ ಓಡುತ್ತಿತ್ತು.

2000ರ ನಂತರ ಕಂಪ್ಯೂಟರಿಗೆ ಹಾಕುವ ಟಿವಿ ಟ್ಯೂನರ್ ಕಾರ್ಡುಗಳು ಹರಡಿದವು. ಬಿಟಿ878 ಚಿಪ್ಪಿನ ಪಿಕ್ಸೆಲ್‌ವ್ಯೂ ಕಾರ್ಡ್ ಅಗ್ಗವಾಗಿತ್ತು, ಆದರೆ ಚಿತ್ರವನ್ನು ಸಂಕುಚಿಸುವ ಭಾರವೆಲ್ಲ ಕಂಪ್ಯೂಟರಿನ ಮೇಲೆ. ಅದು ಸಣ್ಣ ಭಾರವಲ್ಲ: ಸಂಕುಚಿಸದ ಪಾಲ್ ಪದ್ಧತಿಯ ಟಿವಿ ಚಿತ್ರ ಒಂದು ಗಂಟೆಗೆ ಸುಮಾರು 75 ಜಿಬಿ ತಿನ್ನುತ್ತದೆ. ಹಾಪಾಗ್ ಕಂಪನಿಯ ಪಿವಿಆರ್-250 ಆ ಕೆಲಸವನ್ನು ತನ್ನದೇ ಚಿಪ್ಪಿನಲ್ಲಿ ಮಾಡುತ್ತಿದ್ದುದರಿಂದ ಹಳೆಯ ಕಂಪ್ಯೂಟರಿನಲ್ಲೂ ರೆಕಾರ್ಡಿಂಗ್ ತಡವರಿಸುತ್ತಿರಲಿಲ್ಲ. ಕೇಬಲ್ ಡಿಜಿಟಲೀಕರಣ ಬಂದಮೇಲೆ, ಅದರ ಕೊನೆಯ ಹಂತದಲ್ಲಿ ಹಳ್ಳಿಗಳೂ ಸೇರಿ, ಈ ಕಾರ್ಡುಗಳಿಗೆ ನೇರವಾಗಿ ಚಾನೆಲ್ ಹಿಡಿಯುವ ಕೆಲಸವೇ ಉಳಿಯಲಿಲ್ಲ.

ಡಿಟಿಎಚ್ ಕಂಪನಿಗಳು ರೆಕಾರ್ಡಿಂಗನ್ನು ತಮ್ಮ ಪೆಟ್ಟಿಗೆಯೊಳಗೇ ತಂದವು. 2008ರ ಟಾಟಾ ಸ್ಕೈ ಪ್ಲಸ್ ಪೆಟ್ಟಿಗೆಯಲ್ಲಿ 160 ಜಿಬಿ ಡಿಸ್ಕ್ ಇತ್ತು. ನೋಡುತ್ತಿರುವ ಕಾರ್ಯಕ್ರಮವನ್ನೇ ತಡೆದು ನಿಲ್ಲಿಸಬಹುದಿತ್ತು, ಚಿತ್ರವೂ ಸ್ವಚ್ಛ. ಆದರೆ ಇಂಥ ಪೆಟ್ಟಿಗೆಗಳಲ್ಲಿ ಉಳಿದದ್ದಕ್ಕೆ ಗೂಢಲಿಪಿಯ ಬೀಗವಿರುತ್ತದೆ. ಪೆಟ್ಟಿಗೆ ಕೆಟ್ಟರೆ ಒಳಗಿದ್ದದ್ದೂ ಹೋದಂತೆ. ಯಂತ್ರ ಜಾಣವಾದಷ್ಟೂ ರೆಕಾರ್ಡ್ ಮಾಡಿದವರ ಹಕ್ಕು ಕುಗ್ಗುತ್ತ ಬಂದದ್ದು ಈ ಕ್ಷೇತ್ರದ ದೊಡ್ಡ ನಷ್ಟ.

ಅದಕ್ಕೇ ಹಳ್ಳಿಮನೆಗೆ ಡಿಡಿ ಫ್ರೀ ಡಿಶ್ ಮುಖ್ಯವಾಗುತ್ತದೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಿನಲ್ಲಿ ಆರಂಭವಾದ ಇದಕ್ಕೆ ತಿಂಗಳ ಬಾಡಿಗೆಯಿಲ್ಲ. ಇದರಲ್ಲಿ ಬೀಗವಿಲ್ಲದೆ ಬರುವ ಚಾನೆಲ್‌ಗಳನ್ನು ಡಿವಿಬಿ-ಎಸ್2 ಟ್ಯೂನರ್ ಇದ್ದ ಕಂಪ್ಯೂಟರ್ ಹಾಗೆಯೇ ಡಿಸ್ಕಿಗೆ ಬರೆದುಕೊಳ್ಳುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಡಿಶ್‌ನ ಮೂತಿಗಿರುವ ಎಲ್‌ಎನ್‌ಬಿ. ಟ್ಯೂನರ್ 13 ವೋಲ್ಟ್ ಕಳಿಸಿದರೆ ಅದು ಲಂಬ ಧ್ರುವೀಕರಣದ ಅಲೆಗಳನ್ನು ಆಯ್ದುಕೊಳ್ಳುತ್ತದೆ, 18 ವೋಲ್ಟ್ ಕಳಿಸಿದರೆ ಅಡ್ಡ ಅಲೆಗಳನ್ನು. ಎರಡೂ ಒಮ್ಮೆಲೇ ಆಗದು. ಹೀಗಾಗಿ ಒಂದು ಚಾನೆಲ್ ನೋಡುತ್ತ ಮತ್ತೊಂದನ್ನು ತೆಗೆದಿಡಬೇಕಾದರೆ ಎರಡು ಬಾಯಿಯ ಎಲ್‌ಎನ್‌ಬಿ, ಎರಡು ಕೇಬಲ್, ಎರಡು ಟ್ಯೂನರ್ ಇದ್ದರೆ ನಿಶ್ಚಿಂತೆ. ಒಂದೇ ಟ್ರಾನ್ಸ್‌ಪಾಂಡರಿನ ಹಲವು ಚಾನೆಲ್‌ಗಳನ್ನಾದರೆ ಟಿವಿಹೆಡೆಂಡ್‌ನಂಥ ಉಚಿತ ತಂತ್ರಾಂಶ ಒಂದೇ ಟ್ಯೂನರಿನಲ್ಲಿ ಒಟ್ಟಿಗೆ ಹಿಡಿಯುತ್ತದೆ.

ಡಿಸ್ಕಿನ ಲೆಕ್ಕ ಸರಳ. ಸೆಕೆಂಡಿಗೆ 4 ಮೆಗಾಬಿಟ್ ಹರಿವಿನ ಚಾನೆಲ್ ಗಂಟೆಗೆ 1.8 ಜಿಬಿ ಕೇಳುತ್ತದೆ. ಎಫ್‌ಎಟಿ32 ಪದ್ಧತಿಯ ಪೆನ್‌ಡ್ರೈವಿನಲ್ಲಿ ಒಂದು ಕಡತ 4 ಜಿಬಿ ದಾಟುವಂತಿಲ್ಲ. ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತದಂಥ ಆಟ ಅಲ್ಲಿ ತುಂಡುತುಂಡಾಗುತ್ತದೆ. ಸಿಸಿಟಿವಿಗೆಂದೇ ಮಾರುವ ಡಿಸ್ಕುಗಳು ಎಡೆಬಿಡದ ಬರವಣಿಗೆಗೆ ತಯಾರಾದವು, ಇಲ್ಲಿಗೂ ಒಪ್ಪುತ್ತವೆ. ದೊಡ್ಡ ಕಂಪ್ಯೂಟರಿಗಿಂತ ಕೆಲವೇ ವಾಟ್ ಬೇಡುವ ರಾಸ್ಪ್‌ಬೆರಿ ಪೈಯಂಥ ಸಣ್ಣ ಬೋರ್ಡ್ ವಾಸಿ: ಮನೆಯ ಇನ್ವರ್ಟರಿಗೆ ಅದು ಭಾರವಾಗದು.

ಹಳೆಯ ಟ್ಯೂನರ್ ಕಾರ್ಡನ್ನು ಗುಜರಿಗೆ ಹಾಕುವ ಮುನ್ನ ಅದರ ಹಿಂಬದಿಯ ಹಳದಿ ಬಾಯಿ ನೋಡಬೇಕು. ವಿಸಿಆರಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಲು ಆ ಬಾಯಿ ಈಗಲೂ ಸಾಕು. ಕಪಾಟಿನಲ್ಲಿರುವ ಮದುವೆಯ, ಜಾತ್ರೆಯ, ಬಯಲಾಟದ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುತ್ತಿದೆ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಹಾಗಾಗಿ ಮನೆಯಲ್ಲೋ ಓಣಿಯಲ್ಲೋ ಓಡುವ ವಿಸಿಆರ್ ಒಂದಿದ್ದರೆ, ಹೊಸ ಪೆಟ್ಟಿಗೆ ಕೊಳ್ಳುವುದಕ್ಕಿಂತ ಮೊದಲು ಮುಗಿಸಬೇಕಾದ ಕೆಲಸ ಆ ಕ್ಯಾಸೆಟ್ಟುಗಳದ್ದು.